ಚುಕ್ಕೆ ನಾಯಿಯ ಕಲ್ಲು ಮತ್ತು ‘ಶುದ್ಧ ತಳಿ’ಯ ತರ್ಕ

ಬಿಳಿ ಮೈಮೇಲೆ ಕಪ್ಪು ಚುಕ್ಕೆಗಳಿರುವ ಡಾಲ್ಮೇಶನ್ ನಾಯಿಯನ್ನು ನೀವು ನೋಡಿರಬಹುದು. ನೇರವಾಗಿ ನೋಡದಿದ್ದರೂ 1961ರ ಡಿಸ್ನಿ ಚಲನಚಿತ್ರದಿಂದ ಅದರ ಪರಿಚಯವಾಗಿರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಮನೆಯಲ್ಲಿ ಇಂಥದೊಂದು ಗಂಡು ನಾಯಿ ಇತ್ತು. ಒಂದು ದಿನ ಅದು ಮತ್ತೆ ಮತ್ತೆ ಕಾಲೆತ್ತಿ ನಿಂತರೂ ಮೂತ್ರ ಹನಿಹನಿಯಾಗಿ ಮಾತ್ರ ಬರುತ್ತಿತ್ತು. ಚಿಕಿತ್ಸಾಲಯದಲ್ಲಿ ಎಕ್ಸ್-ಕಿರಣ ಚಿತ್ರ ತೆಗೆದರು; ಅದರಲ್ಲಿ ಏನೂ ಕಾಣಲಿಲ್ಲ. ಸೋಂಕಿರಬೇಕೆಂದು ಔಷಧಿ ಕೊಟ್ಟು ಕಳುಹಿಸಿದರು. ಎರಡನೆಯ ದಿನ ನಾಯಿ ವಾಂತಿ ಮಾಡಿಕೊಂಡು ಮಲಗಿಬಿಟ್ಟಿತು. ಬೇರೊಂದು ಕಡೆ ಅಲ್ಟ್ರಾಸೌಂಡ್ ಮಾಡಿಸಿದಾಗ ಮೂತ್ರಾಶಯದ ತುಂಬ ಸಣ್ಣ ಕಲ್ಲುಗಳು ಕಂಡವು. ಒಂದು ಕಲ್ಲು ಮೂತ್ರ ಹೊರಹೋಗುವ ನಾಳದಲ್ಲಿ ಸಿಕ್ಕಿಕೊಂಡಿತ್ತು. ಶಸ್ತ್ರಕ್ರಿಯೆಯಾಗಿ ನಾಯಿ ಉಳಿಯಿತು. ಅಂದು ಸಂಜೆ ಮನೆಯ ಯಜಮಾನರು ನಾಯಿಯ ವಂಶಾವಳಿ ಪತ್ರವನ್ನು ನನ್ನ ಮುಂದಿಟ್ಟು ಕೇಳಿದರು: “ಸಾರ್, ಇದು ಶುದ್ಧ ತಳಿ. ಕಾಗದ ಇದೆ. ಆದರೂ ಹೀಗೇಕಾಯಿತು?”

ನಾನು ಭೌತವಿಜ್ಞಾನದ ಅಧ್ಯಾಪಕ. ಅಂದು ನನ್ನ ಬಳಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡಾಗ, ಪ್ರಶ್ನೆಯಲ್ಲಿದ್ದ ‘ಆದರೂ’ ಎಂಬ ಪದವೇ ಸರಿಯಲ್ಲ, ಅಲ್ಲಿ ‘ಆದ್ದರಿಂದಲೇ’ ಎಂದಿರಬೇಕು ಎಂಬುದು ಅರಿವಾಯಿತು. ಈ ಕಾಯಿಲೆಯ ಬಗ್ಗೆ ಮೂರು ಹೇಳಿಕೆಗಳು ಪ್ರಚಾರದಲ್ಲಿವೆ. ಡಾಲ್ಮೇಶನ್ ನಾಯಿಯಲ್ಲಿ ಯೂರಿಕೇಸ್ ಎಂಬ ಕಿಣ್ವವಿಲ್ಲ ಎಂಬುದು ಒಂದು. ಇದು ಮೂತ್ರಪಿಂಡದ ಕಾಯಿಲೆ ಎಂಬುದು ಇನ್ನೊಂದು. ಹೊರಗಿನ ರಕ್ತ ಬೆರೆತರೆ ತಳಿ ಕೆಡುತ್ತದೆ ಎಂಬುದು ಮೂರನೆಯದು. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಸತ್ಯ, ಮೂರನೆಯದು ನಾಯಿಗಳ ಪಾಲಿಗೆ ದುಬಾರಿಯಾದ ನಂಬಿಕೆ. ಒಂದೊಂದಾಗಿ ಪರೀಕ್ಷಿಸೋಣ.

ಕಲ್ಲು ಏಕೆ ಕಾಣಲಿಲ್ಲ?

ಮೊದಲು ನನ್ನ ವಿಷಯಕ್ಕೆ ಹತ್ತಿರವಾದ ಸಂಗತಿ. ಎಕ್ಸ್-ಕಿರಣ ಚಿತ್ರದಲ್ಲಿ ಒಂದು ವಸ್ತು ಕಾಣಬೇಕಾದರೆ ಅದು ಸುತ್ತಲಿನ ಅಂಗಾಂಶಕ್ಕಿಂತ ಹೆಚ್ಚು ಅಥವಾ ಕಡಿಮೆ ಕಿರಣವನ್ನು ಹೀರಬೇಕು. ದ್ಯುತಿವಿದ್ಯುತ್ ಪರಿಣಾಮದಿಂದಾಗುವ ಹೀರಿಕೆ ಪರಮಾಣು ಸಂಖ್ಯೆಯ ಸುಮಾರು ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಮೃದು ಅಂಗಾಂಶದ ಸರಾಸರಿ ಪರಮಾಣು ಸಂಖ್ಯೆಯನ್ನು 7.4 ಎಂದು ತೆಗೆದುಕೊಳ್ಳಬಹುದು. ಕ್ಯಾಲ್ಸಿಯಂನದು 20. ಅನುಪಾತ 2.7, ಅದರ ಘನ ಸುಮಾರು 20. ಆದ್ದರಿಂದ ಕ್ಯಾಲ್ಸಿಯಂ ಇರುವ ಕಲ್ಲು ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ಡಾಲ್ಮೇಶನ್ ನಾಯಿಯ ಕಲ್ಲು ಸಾಮಾನ್ಯವಾಗಿ ಅಮೋನಿಯಂ ಯೂರೇಟ್. ಅದರಲ್ಲಿರುವುದು ಇಂಗಾಲ, ಹೈಡ್ರೋಜನ್, ನೈಟ್ರೋಜನ್ ಮತ್ತು ಆಕ್ಸಿಜನ್ ಮಾತ್ರ. ಸುತ್ತಲಿನ ಅಂಗಾಂಶದಲ್ಲಿ ಇರುವುದೂ ಬಹುಪಾಲು ಇವೇ. ವ್ಯತ್ಯಾಸವಿಲ್ಲದ ಮೇಲೆ ಚಿತ್ರವೂ ಸ್ಪಷ್ಟವಾಗಿ ಮೂಡುವುದಿಲ್ಲ. ಶಬ್ದತರಂಗಕ್ಕೆ ಮಾತ್ರ ಕಲ್ಲು ಮತ್ತು ದ್ರವದ ನಡುವೆ ದೊಡ್ಡ ಅಂತರವಿರುತ್ತದೆ. ಆದ್ದರಿಂದ ಅಲ್ಟ್ರಾಸೌಂಡ್‌ನಲ್ಲಿ ಅದು ಕಾಣುತ್ತದೆ. ‘ಚಿತ್ರದಲ್ಲಿ ಕಲ್ಲು ಕಾಣಲಿಲ್ಲ’ ಎಂಬುದಕ್ಕೂ ‘ಕಲ್ಲು ಇಲ್ಲ’ ಎಂಬುದಕ್ಕೂ ಅಂತರವಿದೆ. ವ್ಯತ್ಯಾಸವಿಲ್ಲದ ಕಡೆ ದೋಷ ಕಾಣದು ಎಂಬ ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಬೇಕಾಗುತ್ತದೆ.

ಕಿಣ್ವ ಇಲ್ಲವೆ?

ನಮ್ಮ ಜೀವಕೋಶಗಳಲ್ಲೂ ಆಹಾರದಲ್ಲೂ ಇರುವ ಪ್ಯೂರಿನ್ ಎಂಬ ಸಂಯುಕ್ತಗಳು ವಿಭಜನೆಗೊಂಡಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಬಹುತೇಕ ಸ್ತನಿಗಳ ಯಕೃತ್ತಿನಲ್ಲಿ ಯೂರಿಕೇಸ್ ಕಿಣ್ವವಿದ್ದು, ಅದು ಯೂರಿಕ್ ಆಮ್ಲವನ್ನು ಅಲಾಂಟಾಯಿನ್ ಆಗಿ ಬದಲಿಸುತ್ತದೆ. ಅಲಾಂಟಾಯಿನ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೂತ್ರದ ಮೂಲಕ ಹೊರಹೋಗುತ್ತದೆ. ಮನುಷ್ಯ ಮತ್ತು ದೊಡ್ಡ ವಾನರಗಳು ವಿಕಾಸದ ಹಾದಿಯಲ್ಲಿ ಈ ಕಿಣ್ವವನ್ನು ಕಳೆದುಕೊಂಡಿವೆ. ನಮ್ಮಲ್ಲಿ ಕೆಲವರಿಗೆ ಗೌಟ್ ಎಂಬ ಕೀಲುನೋವು ಬರುವುದಕ್ಕೆ ಇದು ಹಿನ್ನೆಲೆ.

ಡಾಲ್ಮೇಶನ್ ನಾಯಿಯ ಮೂತ್ರದಲ್ಲಿ ಯೂರಿಕ್ ಆಮ್ಲ ಅಸಾಧಾರಣವಾಗಿ ಹೆಚ್ಚಿರುವುದನ್ನು ಅಮೆರಿಕದ ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಬೆನೆಡಿಕ್ಟ್ 1916ರಲ್ಲಿ ವರದಿ ಮಾಡಿದ. ಇತರ ನಾಯಿಗಳು ದಿನಕ್ಕೆ 10ರಿಂದ 60 ಮಿಲಿಗ್ರಾಂ ಯೂರಿಕ್ ಆಮ್ಲವನ್ನು ವಿಸರ್ಜಿಸಿದರೆ ಡಾಲ್ಮೇಶನ್ 400ರಿಂದ 600 ಮಿಲಿಗ್ರಾಂ ವಿಸರ್ಜಿಸುತ್ತದೆ. ಈ ವಿಷಯದಲ್ಲಿ ಅದು ಮನುಷ್ಯನಿಗೆ ಹತ್ತಿರ. ‘ಮನುಷ್ಯನಂತೆ ಡಾಲ್ಮೇಶನ್‌ಗೂ ಯೂರಿಕೇಸ್ ಇಲ್ಲ’ ಎಂಬ ವಾಕ್ಯ ಕೆಲವು ಟಿಪ್ಪಣಿಗಳಲ್ಲೂ ಪಾಠಗಳಲ್ಲೂ ಸೇರಿಕೊಂಡದ್ದು ಹೀಗೆ. ಹೋಲಿಕೆ ಸುಲಭ, ತೀರ್ಮಾನ ತಪ್ಪು. ಡಾಲ್ಮೇಶನ್‌ನ ಯಕೃತ್ತನ್ನು ಅರೆದು ಪರೀಕ್ಷಿಸಿದಾಗ ಅದರಲ್ಲಿ ಯೂರಿಕೇಸ್ ಇದೆ, ಕೆಲಸವನ್ನೂ ಮಾಡುತ್ತದೆ. ಗಿರಣಿ ಸರಿಯಾಗಿಯೇ ಇದೆ. ಧಾನ್ಯ ಒಳಗೆ ಹೋಗುವ ಬಾಗಿಲು ಮುಚ್ಚಿದೆ.

ದೋಷ ಮೂತ್ರಪಿಂಡದಲ್ಲಿದೆಯೆ?

ಕಲ್ಲು ಮೂತ್ರದ ಹಾದಿಯಲ್ಲಿ ಆಗುವುದರಿಂದ ದೋಷವೂ ಅಲ್ಲೇ ಇರಬೇಕೆಂದು ಯೋಚಿಸುವುದು ಸಹಜ. ಇದನ್ನು ಅಂಗ ಬದಲಾವಣೆಯ ಪ್ರಯೋಗಗಳಿಂದ ಪರೀಕ್ಷಿಸಲಾಯಿತು. 1966ರಲ್ಲಿ ಡಾಲ್ಮೇಶನ್ ಮತ್ತು ಬೇರೆ ನಾಯಿಗಳ ನಡುವೆ ಮೂತ್ರಪಿಂಡಗಳನ್ನು ಅದಲುಬದಲು ಮಾಡಿದ ಪ್ರಯೋಗದ ವರದಿ ಬಂದಿತು. ಮೂತ್ರಪಿಂಡ ಯಾರದ್ದೇ ಆಗಿರಲಿ, ವಿಸರ್ಜನೆ ನಾಯಿಯ ಮೂಲ ಸ್ವಭಾವವನ್ನೇ ಅನುಸರಿಸಿತು. 1972ರಲ್ಲಿ ಯಕೃತ್ತಿನ ಬದಲಾವಣೆಯ ಫಲಿತಾಂಶ ಪ್ರಕಟವಾಯಿತು. ಬೇರೆ ನಾಯಿಯ ಯಕೃತ್ತು ಪಡೆದ ಡಾಲ್ಮೇಶನ್‌ನಲ್ಲಿ ಯೂರಿಕ್ ಆಮ್ಲ ಇಳಿಯಿತು. ಡಾಲ್ಮೇಶನ್ ಯಕೃತ್ತು ಪಡೆದ ನಾಯಿಯಲ್ಲಿ ಏರಿತು. ಮುಖ್ಯ ದೋಷದ ನೆಲೆ ಯಕೃತ್ತು ಎಂಬುದು ಇದರಿಂದ ಸ್ಪಷ್ಟವಾಯಿತು.

ಹಾಗೆಂದು ಮೂತ್ರಪಿಂಡ ಪೂರ್ಣ ನಿರ್ದೋಷಿಯೂ ಅಲ್ಲ. ಸಾಮಾನ್ಯ ನಾಯಿಯ ಮೂತ್ರಪಿಂಡ ಸೋಸಿದ ಯೂರಿಕ್ ಆಮ್ಲದ ಬಹುಪಾಲನ್ನು ರಕ್ತಕ್ಕೆ ಮರಳಿ ಹೀರಿಕೊಳ್ಳುತ್ತದೆ. ಡಾಲ್ಮೇಶನ್‌ನಲ್ಲಿ ಈ ಮರುಹೀರಿಕೆ ಬಹಳ ಕಡಿಮೆ. ಎರಡು ಅಂಗಗಳಲ್ಲಿ ಎರಡು ದೋಷಗಳೆ? ಇಲ್ಲ, ದೋಷ ಒಂದೇ. 2008ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡ್ಯಾನಿಕಾ ಬನಾಷ್ ಮತ್ತು ಸಂಗಡಿಗರು ಎಸ್‌ಎಲ್‌ಸಿ2ಎ9 ಎಂಬ ಜೀನಿನಲ್ಲಿ ಅದನ್ನು ಗುರುತಿಸಿದರು. ಈ ಜೀನು ಜೀವಕೋಶದ ಪೊರೆಯಲ್ಲಿ ಕುಳಿತು ಯೂರಿಕ್ ಆಮ್ಲವನ್ನು ದಾಟಿಸುವ ಪ್ರೋಟೀನನ್ನು ರೂಪಿಸುತ್ತದೆ. ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 188ನೆಯ ಸ್ಥಾನದಲ್ಲಿ ಸಿಸ್ಟೀನ್ ಇರಬೇಕಾದಲ್ಲಿ ಫಿನೈಲ್ ಅಲನೀನ್ ಬಂದಿದೆ. ಯಕೃತ್ತಿನಲ್ಲೂ ಮೂತ್ರಪಿಂಡದಲ್ಲೂ ಕೆಟ್ಟಿರುವುದು ಇದೇ ಬಾಗಿಲು.

ಒಂದೇ ಜೀನು, ಎದುರುಬದುರು ಫಲ

ಇದೇ ಜೀನು ಮನುಷ್ಯರಲ್ಲೂ ಇದೆ. ಅದರ ಕೆಲವು ರೂಪಾಂತರಗಳಿಗೂ ರಕ್ತದ ಯೂರಿಕ್ ಆಮ್ಲದ ಮಟ್ಟಕ್ಕೂ ಗೌಟ್‌ಗೂ ಸಂಬಂಧವಿದೆಯೆಂದು 2008ರಲ್ಲೇ ತಿಳಿದುಬಂತು. ಆದರೆ ಈ ಜೀನು ಪೂರ್ತಿ ಕೆಟ್ಟ ಮನುಷ್ಯರ ರಕ್ತದಲ್ಲಿ ಯೂರಿಕ್ ಆಮ್ಲ ಏರುವುದಿಲ್ಲ, ತೀರ ಇಳಿಯುತ್ತದೆ! ನಾಯಿಯಲ್ಲಿ ಏರುತ್ತದೆ, ಮನುಷ್ಯನಲ್ಲಿ ಇಳಿಯುತ್ತದೆ. ಇದು ವಿರೋಧಾಭಾಸವಲ್ಲವೆ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಬಹುದು.

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ಊಹಿಸಿಕೊಳ್ಳಿ. ಒಳಬರುವ ನೀರು ಒಂದೇ ಸಮ. ಸಾಮಾನ್ಯ ನಾಯಿಯ ತೊಟ್ಟಿಗೆ ಎರಡು ನಲ್ಲಿ: ದೊಡ್ಡದು ಯಕೃತ್ತು, ಸಣ್ಣದು ಮೂತ್ರಪಿಂಡ. ಡಾಲ್ಮೇಶನ್‌ನಲ್ಲಿ ದೊಡ್ಡ ನಲ್ಲಿ ಬಹುಪಾಲು ಮುಚ್ಚಿದೆ, ಸಣ್ಣದು ಹೆಚ್ಚು ತೆರೆದಿದೆ. ಒಟ್ಟಿನಲ್ಲಿ ನೀರಿನ ಮಟ್ಟ ಏರುತ್ತದೆ, ಯಕೃತ್ತಿನ ಮೂಲಕ ಹೋಗಬೇಕಾಗಿದ್ದ ನೀರೂ ಸಣ್ಣ ನಲ್ಲಿಯಿಂದಲೇ ಹರಿಯುತ್ತದೆ. ಮನುಷ್ಯನಿಗೆ ಯೂರಿಕೇಸ್ ಇಲ್ಲವಾದ್ದರಿಂದ ಯಕೃತ್ತಿನ ನಲ್ಲಿಯೇ ಇಲ್ಲ. ಅವನಲ್ಲಿ ಅದೇ ಜೀನು ಕೆಟ್ಟರೆ ಆಗುವುದು ಇಷ್ಟೇ: ಮೂತ್ರಪಿಂಡದ ನಲ್ಲಿ ಹೆಚ್ಚು ತೆರೆಯುತ್ತದೆ, ಮಟ್ಟ ಇಳಿಯುತ್ತದೆ. ಸ್ಥಿರ ಸ್ಥಿತಿಯಲ್ಲಿ ಒಳಬಂದದ್ದೆಲ್ಲ ಹೊರಹೋಗಲೇಬೇಕು ಎಂಬ ನಿಯಮ ಇಬ್ಬರಿಗೂ ಒಂದೇ. ಮೂತ್ರಪಿಂಡ ಬದಲಿಸಿದ ಪ್ರಯೋಗದಲ್ಲಿ ಒಟ್ಟು ವಿಸರ್ಜನೆ ಬದಲಾಗದ್ದಕ್ಕೂ ಇದೇ ಕಾರಣ. ‘ಈ ಜೀನು ಈ ರೋಗಕ್ಕೆ’ ಎಂದು ಒಂದು ಗೆರೆಯಲ್ಲಿ ಬರೆಸುವ ಪಾಠದಲ್ಲಿ ಈ ತಿಳಿವಳಿಕೆಗೆ ಜಾಗವಿಲ್ಲ ಎಂಬುದು ನನ್ನ ಆಕ್ಷೇಪಣೆ.

ಎಲ್ಲರಲ್ಲೂ ಇರುವ ದೋಷ

ಈಗ ಮುಖ್ಯ ವಿಷಯಕ್ಕೆ ಬರೋಣ. 1938ರಲ್ಲಿ ಟ್ರಿಂಬಲ್ ಮತ್ತು ಕೀಲರ್ ಡಾಲ್ಮೇಶನ್ ಅನ್ನು ಬೇರೆ ತಳಿಯೊಡನೆ ಕೂಡಿಸಿ, ಹೆಚ್ಚು ಯೂರಿಕ್ ಆಮ್ಲದ ಗುಣ ಅಪ್ರಬಲವಾದದ್ದು ಎಂದು ತೋರಿಸಿದರು. ಅಂದರೆ ತಂದೆತಾಯಿಗಳಿಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಗುಣ ಪ್ರಕಟವಾಗುತ್ತದೆ. ಸಾಮಾನ್ಯವಾಗಿ ಅಪ್ರಬಲ ರೋಗವಿರುವ ತಳಿಯಲ್ಲಿ ಕೆಲವು ನಾಯಿಗಳು ರೋಗಿಗಳು, ಕೆಲವು ವಾಹಕಗಳು, ಕೆಲವು ಮುಕ್ತ. ಉದಾಹರಣೆಗೆ, ಆಫ್ರಿಕಾ ಮೂಲದ ಬಾಸೆಂಜಿ ನಾಯಿಗಳಲ್ಲಿ ಫ್ಯಾಂಕೋನಿ ಸಿಂಡ್ರೋಮ್ ಎಂಬ ಅನುವಂಶೀಯ ಮೂತ್ರಪಿಂಡ ರೋಗವಿದೆ. ಮೂತ್ರಪಿಂಡದ ನಳಿಕೆಗಳು ಗ್ಲೂಕೋಸ್, ಅಮೈನೊ ಆಮ್ಲ ಮೊದಲಾದವನ್ನು ಮರುಹೀರದೆ ಬಿಟ್ಟುಬಿಡುತ್ತವೆ. ಆದರೆ ಆ ತಳಿಯ ಎಲ್ಲ ನಾಯಿಗಳಿಗೂ ಅದಿಲ್ಲ. 2011ರಿಂದ ನೇರ ಜೀನು ಪರೀಕ್ಷೆ ದೊರೆಯುತ್ತಿರುವುದರಿಂದ ಮುಕ್ತ ನಾಯಿಗಳನ್ನು ಆರಿಸಿ ತಳಿಯೊಳಗೇ ರೋಗವನ್ನು ತಗ್ಗಿಸಬಹುದು.

ಡಾಲ್ಮೇಶನ್‌ನಲ್ಲಿ ಈ ದಾರಿ ಇರಲಿಲ್ಲ. ಮುಚ್ಚಿದ ವಂಶಾವಳಿಯ ಡಾಲ್ಮೇಶನ್‌ಗಳಲ್ಲಿ ಪ್ರತಿಯೊಂದರಲ್ಲೂ ಎರಡೂ ಪ್ರತಿಗಳು ದೋಷದವೇ. ಚುಕ್ಕೆಗಳಿಗಾಗಿ ತಲೆಮಾರುಗಳ ಕಾಲ ಆಯ್ಕೆ ನಡೆದಾಗ ಈ ಜೀನು ಜೊತೆಗೆ ಬಂದಿರಬಹುದೆಂಬ ಊಹೆಯಿದೆ. ಕಾರಣ ಏನೇ ಇರಲಿ, ಆರಿಸಿಕೊಳ್ಳಲು ಒಂದಾದರೂ ಸಹಜ ಪ್ರತಿ ತಳಿಯೊಳಗೆ ಉಳಿದಿರಲಿಲ್ಲ. ಸೊನ್ನೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆಯೇ. ‘ಕಲ್ಲಾಗದ ನಾಯಿಗಳನ್ನೇ ಆರಿಸಿ ತಳಿ ಬೆಳೆಸುತ್ತೇವೆ’ ಎಂಬ ಮಾತು ಕೇಳಲು ಚೆನ್ನ. ಆದರೆ ಕಲ್ಲಾಗದ ನಾಯಿಯಲ್ಲೂ ದೋಷದ ಎರಡೂ ಪ್ರತಿಗಳಿವೆ. ಕಲ್ಲಾಗುವುದು, ಆಗದಿರುವುದು ಕುಡಿಯುವ ನೀರು, ಆಹಾರ, ಮೂತ್ರದ ಆಮ್ಲೀಯತೆ ಇವುಗಳನ್ನೂ ಅವಲಂಬಿಸಿದೆ. ಹೆಣ್ಣಿನಲ್ಲಿ ನಾಳ ಅಗಲವಾಗಿರುವುದರಿಂದ ಸಣ್ಣ ಕಲ್ಲುಗಳು ಹೊರಬಿದ್ದುಹೋಗುತ್ತವೆ. ಗಂಡಿನಲ್ಲಿ ನಾಳ ಶಿಶ್ನದ ಮೂಳೆಯ ತೋಡಿನೊಳಗೆ ಹಾದುಹೋಗುತ್ತದೆ, ಅಲ್ಲಿ ಹಿಗ್ಗಲಾರದು. ಸಿಕ್ಕಿಕೊಳ್ಳುವುದು ಅಲ್ಲೇ.

ಎಲ್ಲರಲ್ಲೂ ಇರುವ ದೋಷ ದೋಷವೆಂದು ತೋರುವುದಿಲ್ಲ. ‘ತಳಿಯ ಲಕ್ಷಣ’ ಎಂಬ ಹೆಸರು ಪಡೆಯುತ್ತದೆ. ಎಕ್ಸ್-ಕಿರಣದ ಚಿತ್ರದಲ್ಲಿ ಆದದ್ದೇ ಇಲ್ಲೂ ಆಯಿತು.

1973ರ ಒಂದು ಸಂಕರ

ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಡಾಲ್ಮೇಶನ್ ಅನ್ನು ಒಂದು ಪಾಯಿಂಟರ್ ನಾಯಿಯೊಡನೆ ಕೂಡಿಸಿದ. ಮರಿಗಳೆಲ್ಲ ಒಂದು ಸಹಜ, ಒಂದು ದೋಷದ ಪ್ರತಿ ಹೊಂದಿದ್ದವು. ಅವನ್ನು ಮತ್ತೆ ಡಾಲ್ಮೇಶನ್‌ಗೇ ಕೂಡಿಸಿದರೆ ಮೆಂಡೆಲ್ ನಿಯಮದಂತೆ ಸರಾಸರಿ ಅರ್ಧ ಮರಿಗಳಿಗೆ ಸಹಜ ಪ್ರತಿ ದೊರೆಯುತ್ತದೆ. ಮೂತ್ರ ಪರೀಕ್ಷೆಯಿಂದ ಅಂಥವನ್ನು ಗುರುತಿಸಿ ಮತ್ತೆ ಡಾಲ್ಮೇಶನ್‌ಗೆ ಕೂಡಿಸುವುದು; ಹೀಗೆ ತಲೆಮಾರಿನಿಂದ ತಲೆಮಾರಿಗೆ. ಇದಕ್ಕೆ ಬ್ಯಾಕ್‌ಕ್ರಾಸ್ ಅಥವಾ ಹಿಮ್ಮುಖ ಸಂಕರಣ ಎನ್ನುತ್ತಾರೆ. ಬೆಳೆಗಳಲ್ಲಿ ರೋಗನಿರೋಧಕ ಗುಣವನ್ನು ತರಲು ಕೃಷಿ ವಿಜ್ಞಾನಿಗಳು ಬಳಸುವ ಹಳೆಯ ವಿಧಾನವೇ ಇದು.

ಲೆಕ್ಕ ಸರಳ. ಮೊದಲ ಮರಿಯಲ್ಲಿ ಪಾಯಿಂಟರ್ ಪಾಲು 1/2. ಪ್ರತಿ ಹಿಮ್ಮುಖ ಸಂಕರಣದಲ್ಲೂ ಅದು ಅರ್ಧವಾಗುತ್ತದೆ. ಐದನೆಯದರ ಹೊತ್ತಿಗೆ 1/64, ಅಂದರೆ ಸುಮಾರು ಶೇಕಡಾ 1.6. ಹತ್ತನೆಯದರ ಹೊತ್ತಿಗೆ 1/2048, ಶೇಕಡಾ 0.05. ಐದನೆಯ ತಲೆಮಾರಿನ ಎರಡು ನಾಯಿಗಳನ್ನು 1981ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ ಡಾಲ್ಮೇಶನ್ ಎಂದೇ ನೋಂದಾಯಿಸಿಕೊಂಡಿತು. ಆದರೆ ಡಾಲ್ಮೇಶನ್ ತಳಿಯ ಸಂಘದ ಸದಸ್ಯರಿಂದ ವಿರೋಧ ಬಂತು. ಮುಂದಿನ ಮರಿಗಳ ನೋಂದಣಿ ನಿಂತಿತು. ಬ್ರಿಟನ್ನಿನ ಕೆನೆಲ್ ಕ್ಲಬ್ 2010ರಲ್ಲಿ ಈ ವಂಶದ ಒಂದು ಹೆಣ್ಣು ನಾಯಿಯನ್ನು ನೋಂದಾಯಿಸಿತು. ಅಮೆರಿಕದಲ್ಲಿ ಬಾಗಿಲು ಮತ್ತೆ ತೆರೆದದ್ದು 2011ರಲ್ಲಿ. ಮೊದಲ ನೋಂದಣಿಯಿಂದ ಅಲ್ಲಿಗೆ 30 ವರ್ಷ!

ಆಕ್ಷೇಪಗಳ ತೂಕ

ವಿರೋಧಿಸಿದವರೆಲ್ಲ ಹಟಮಾರಿಗಳೆಂದು ಹೇಳಿದರೆ ಅದು ನ್ಯಾಯವಲ್ಲ. ಪಾಯಿಂಟರ್‌ನಿಂದ ಬೇರೆ ರೋಗ ಬಂದರೆ ಎಂಬುದು ಅವರ ಒಂದು ಪ್ರಶ್ನೆ. ಇದರಲ್ಲಿ ಹುರುಳಿದೆ. ನಾನು ಕೊಟ್ಟ ಲೆಕ್ಕ ಸರಾಸರಿಯದು. ನಾವು ಆರಿಸುತ್ತಿರುವ ಜೀನಿನ ಅಕ್ಕಪಕ್ಕದ ವರ್ಣತಂತುವಿನ ತುಂಡು ಅದರೊಡನೆ ಅಂಟಿಕೊಂಡೇ ಬರುತ್ತದೆ, ಉಳಿದ ಭಾಗದಷ್ಟು ಬೇಗ ಕಳಚಿಕೊಳ್ಳುವುದಿಲ್ಲ. ಆರಂಭದ ಸಂಕರ ನಾಯಿಗಳ ಚುಕ್ಕೆಗಳು ಚಿಕ್ಕವಾಗಿದ್ದವು ಎಂಬ ಟೀಕೆಯೂ ಇತ್ತು. ಆಹಾರದಲ್ಲಿ ಪ್ಯೂರಿನ್ ತಗ್ಗಿಸಿ, ನೀರು ಹೆಚ್ಚು ಕುಡಿಸಿ ಬಹಳಷ್ಟು ನಾಯಿಗಳನ್ನು ಕಾಪಾಡಬಹುದು ಎಂಬುದೂ ನಿಜ. ಅಲೋಪ್ಯೂರಿನಾಲ್ ಎಂಬ ಔಷಧಿಯೂ ಇದೆ. ಆದರೆ ಆಹಾರದ ಪಥ್ಯವಿಲ್ಲದೆ ಅದನ್ನು ಕೊಟ್ಟರೆ ಯೂರೇಟ್ ಬದಲು ಕ್ಸಾಂಥೀನ್ ಕಲ್ಲು ಆಗುವ ಅಪಾಯವಿದೆ.

ಆದರೆ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಸಿಗುವುದು ಪರೀಕ್ಷೆಯಿಂದ, ಬಾಗಿಲು ಮುಚ್ಚುವುದರಿಂದಲ್ಲ. ಅಂಟಿಕೊಂಡ ತುಂಡನ್ನು ಮೊಟಕು ಮಾಡಲು ಬೇಕಾದದ್ದು ಇನ್ನಷ್ಟು ಹಿಮ್ಮುಖ ಸಂಕರಣವೇ. ಬಾಸೆಂಜಿಯ ವಿಷಯದಲ್ಲಿ ಅದೇ ಅಮೆರಿಕನ್ ಕೆನೆಲ್ ಕ್ಲಬ್ 1990ರಲ್ಲಿ ಆಫ್ರಿಕಾದಿಂದ ತಂದ ನಾಯಿಗಳಿಗೆ ವಂಶಾವಳಿಯ ಪುಸ್ತಕವನ್ನು ತೆರೆದಿತ್ತು. ಅಲ್ಲಿ ಒಪ್ಪಿದ್ದನ್ನು ಇಲ್ಲಿ ಒಪ್ಪಲು ಇನ್ನೂ ಎರಡು ದಶಕ ಹಿಡಿಯಿತು. ವ್ಯತ್ಯಾಸ ಇಷ್ಟೇ: ಅಲ್ಲಿ ಬಂದದ್ದು ಅದೇ ಹೆಸರಿನ ನಾಯಿ, ಇಲ್ಲಿ ಬೇರೆ ಹೆಸರಿನದು. ಜೀನಿಗೆ ಹೆಸರು ಗೊತ್ತಿಲ್ಲ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ದೋಷದ ಜೀನನ್ನು ಹುಡುಕಲು ದೋಷವಿರುವ ಮತ್ತು ಇಲ್ಲದ ನಾಯಿಗಳನ್ನು ಹೋಲಿಸಬೇಕು. ಎಲ್ಲ ಡಾಲ್ಮೇಶನ್‌ಗಳೂ ಒಂದೇ ಆಗಿದ್ದರೆ ಹೋಲಿಸುವುದು ಯಾವುದರ ಜೊತೆ? 2006ರಲ್ಲಿ ಈ ಗುಣದ ನೆಲೆ ನಾಯಿಯ ಮೂರನೆಯ ವರ್ಣತಂತುವಿನಲ್ಲಿದೆ ಎಂದು ಗುರುತಿಸಲಾಯಿತು. ಅದಕ್ಕೆ ಆಧಾರವಾದದ್ದು ಪಾಯಿಂಟರ್ ಸಂಕರದಿಂದ ಬಂದ ವಂಶವೇ. ಆ ನೆಲೆಯಿಂದ ಹೊರಟು 2008ರಲ್ಲಿ ಜೀನು ಸಿಕ್ಕಿತು, ಪರೀಕ್ಷೆಯೂ ಬಂತು. ಆ ಪರೀಕ್ಷೆಯಿಂದ ಬುಲ್‌ಡಾಗ್, ಬ್ಲ್ಯಾಕ್ ರಷ್ಯನ್ ಟೆರಿಯರ್ ಮೊದಲಾದ ತಳಿಗಳಲ್ಲೂ ಅದೇ ಉತ್ಪರಿವರ್ತನೆ ಇರುವುದು ತಿಳಿಯಿತು. ಅಲ್ಲಿ ಸಹಜ ಪ್ರತಿಗಳೂ ಇರುವುದರಿಂದ ತಳಿಯೊಳಗೇ ಆಯ್ಕೆ ಸಾಧ್ಯವಾಯಿತು. ‘ಅಶುದ್ಧ’ವೆಂದು ಹೊರಗಿಟ್ಟ ನಾಯಿಗಳೇ ಕಾಯಿಲೆಯ ಕಾರಣವನ್ನೂ ತೋರಿಸಿದವು, ಪರಿಹಾರವನ್ನೂ ಒದಗಿಸಿದವು.

ಈ ಸಂಕರಣ ಡಾಲ್ಮೇಶನ್‌ನ ಎಲ್ಲ ತೊಂದರೆಗಳನ್ನು ನೀಗಿಸಿಲ್ಲ ಎಂಬುದನ್ನೂ ಹೇಳಬೇಕು. ಈ ತಳಿಯಲ್ಲಿ ಹೆಚ್ಚಾಗಿರುವ ಹುಟ್ಟುಕಿವುಡು ಬೇರೆ ಕಾರಣದ್ದು, ಅದು ಇದರಿಂದ ಹೋಗುವುದಿಲ್ಲ. ಒಂದೇ ಒಂದು ಪಾಯಿಂಟರ್‌ನಿಂದ ಬಂದ ಜೀನು ತಳಿಯ ಒಟ್ಟು ವೈವಿಧ್ಯವನ್ನೇನೂ ಹೆಚ್ಚಿಸದು. ಒಂದು ನಿರ್ದಿಷ್ಟ ದೋಷಕ್ಕೆ ಅದು ಒಂದು ನಿರ್ದಿಷ್ಟ ಪರಿಹಾರ.

ತರಗತಿಗೆ, ಮನೆಗೆ

ಅಧ್ಯಾಪಕರಲ್ಲಿ ಒಂದು ವಿನಂತಿ. ಮೆಂಡೆಲ್‌ನ ಬಟಾಣಿಯ ಜೊತೆಗೆ ಈ ನಾಯಿಯನ್ನೂ ತರಗತಿಗೆ ತನ್ನಿ. ಒಂದು ನಾಣ್ಯ ಸಾಕು: ತಲೆ ಬಿದ್ದರೆ ಸಹಜ ಪ್ರತಿ, ಬಾಲ ಬಿದ್ದರೆ ದೋಷದ ಪ್ರತಿ. ಪ್ರತಿ ತಲೆಮಾರಿಗೆ ಆರು ಮರಿಗಳು, ಆರು ಚಿಮ್ಮುಗೆ. ‘ತಲೆ’ಯ ಮರಿಗಳನ್ನು ಮಾತ್ರ ಮುಂದಿನ ತಲೆಮಾರಿಗೆ ಒಯ್ಯಿರಿ, ಪಾಯಿಂಟರ್ ಪಾಲನ್ನು ಹಲಗೆಯ ಮೇಲೆ ಬರೆಯುತ್ತ ಹೋಗಿ. ಆಮೇಲೆ ಸಹಜ ಪ್ರತಿ ಒಂದೂ ಇಲ್ಲದ ತಳಿಯೊಳಗೆ ಅದೇ ಆಟವನ್ನು ಆಡಲು ಹೇಳಿ. ಎರಡೂ ಕಡೆ ಬಾಲವೇ ಇರುವ ನಾಣ್ಯವನ್ನು ಎಷ್ಟು ಬಾರಿ ಚಿಮ್ಮಿದರೇನು? ವಿದ್ಯಾರ್ಥಿಗಳಿಗೆ ವಿವರಣೆ ಬೇಕಾಗುವುದಿಲ್ಲ.

ಡಾಲ್ಮೇಶನ್ ಸಾಕಿರುವವರಿಗೂ ಎರಡು ಮಾತು. ಗಂಡು ನಾಯಿ ಮೂತ್ರ ಮಾಡಲು ತಿಣುಕುತ್ತಿದ್ದರೆ ಅದು ನಾಳೆಗೆ ಬಿಡುವ ಕೆಲಸವಲ್ಲ. ಅಂದೇ ಪಶುವೈದ್ಯರಲ್ಲಿಗೆ ಹೋಗಿ. ಎಕ್ಸ್-ಕಿರಣದಲ್ಲಿ ಏನೂ ಕಾಣದಿದ್ದರೆ ಅಲ್ಟ್ರಾಸೌಂಡ್ ಬೇಕೆ ಎಂದು ಕೇಳಿ.

ನಮ್ಮ ಪಕ್ಕದ ಮನೆಯವರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ವಂಶಾವಳಿ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಿದರು. ಅದರಲ್ಲಿ ಅಜ್ಜ, ಮುತ್ತಜ್ಜರ ಹೆಸರುಗಳಿದ್ದವು. “ಇಷ್ಟು ಹೆಸರಿದೆ, ಯಾರಿಗಾದರೂ ಕಲ್ಲಾಗಿತ್ತೇ ಎಂದು ಒಂದು ಗೆರೆ ಇಲ್ಲವಲ್ಲ ಸಾರ್” ಎಂದರು. ಮುಂದಿನ ಸಲ ಮರಿ ತರುವಾಗ ಜೀನು ಪರೀಕ್ಷೆಯ ವರದಿಯನ್ನು ಮೊದಲು ಕೇಳುತ್ತಾರಂತೆ.